ಪಾಠವನ್ನು ಹಂಚಿಕೊಂಡು ಕಲಿಯುವ ಬಗೆ

ಮಕ್ಕಳಲ್ಲಿ ಸಹಕಾರ, ದಯೆ ಬೆಳೆಯಬೇಕೆಂದು ನಾವೆಲ್ಲರೂ ಹೇಳುತ್ತೇವೆ. ತರಗತಿಯಲ್ಲಿ ನಡೆಯುವುದೇನು? ಉಪಾಧ್ಯಾಯರು ಪ್ರಶ್ನೆ ಕೇಳಿದೊಡನೆ ಹತ್ತು ಕೈಗಳು ಮೇಲೇಳುತ್ತವೆ. ಒಬ್ಬನು ತಪ್ಪು ಹೇಳಿದರೆ ಉಳಿದವರಿಗೆ ಸಂತೋಷ, ತಮ್ಮ ಸರದಿ ಬಂತಲ್ಲಾ ಎಂದು! ಒಂದೇ ಚಾಪೆಯ ಮೇಲೆ ಕೂರಿಸಿದ ಮಾತ್ರಕ್ಕೆ ಈ ಗುಣ ಹೋಗದು.

ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ 1971ರಲ್ಲಿ ಇದೇ ತೊಂದರೆ ದೊಡ್ಡದಾಗಿ ಕಾಣಿಸಿತು. ಅದುವರೆಗೆ ಬೇರೆ ಬೇರೆ ಶಾಲೆಗಳಲ್ಲಿ ಓದುತ್ತಿದ್ದ ಬಿಳಿಯರ, ಆಫ್ರಿಕ ಮೂಲದವರ, ಮೆಕ್ಸಿಕೊ ಮೂಲದವರ ಮಕ್ಕಳನ್ನು ಒಂದೆಡೆ ಸೇರಿಸಲು ಜಗಳ, ಹೊಡೆದಾಟ ಮೊದಲಾಯಿತು. ಶಾಲಾ ಅಧಿಕಾರಿಗಳು ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಅವರನ್ನು ಕರೆಸಿದರು. ಅವರು ಬುದ್ಧಿವಾದ ಹೇಳಲಿಲ್ಲ; ಪಾಠವನ್ನೇ ತುಂಡು ಮಾಡಿ ಹಂಚಿದರು.

ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರರ ಜೀವನಚರಿತ್ರೆಯನ್ನು ಆರು ಭಾಗ ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಒಂದೇ ಭಾಗ ಸಿಕ್ಕ ಬೇರೆ ಬೇರೆ ಗುಂಪಿನವರು ಮೊದಲು ಕೂಡಿ ಓದಿ, ಬಳಿಕ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಕಲಿಸಬೇಕು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ, ಒಬ್ಬೊಬ್ಬರಿಗೂ ಪ್ರತ್ಯೇಕ.

ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ ಹುಡುಗನೊಬ್ಬನನ್ನು ಮೊದಲು ಗೇಲಿ ಮಾಡಿದರು. ಹಾಗೆ ಕುಳಿತರೆ ಅವನ ಭಾಗ ನಿಮಗೆ ತಿಳಿಯದು, ಪರೀಕ್ಷೆ ಹತ್ತಿರವಿದೆ ಎಂದು ಹಿರಿಯರು ನೆನಪಿಸಿದರು. ಕ್ರಮೇಣ ಮಕ್ಕಳು ಅವನಿಂದ ಉತ್ತರ ಬರುವಂತೆ ಪ್ರಶ್ನೆ ಕೇಳುವುದನ್ನು ಕಲಿತರು. ಹಾಗೆ ಕೇಳಬೇಕಾದರೆ ಅವನಿಗೆ ತೊಡಕಾಗುವುದು ಎಲ್ಲಿ ಎಂದು ಯೋಚಿಸಬೇಕಲ್ಲವೆ? ಕೆಲವು ವಾರಗಳಲ್ಲಿ ಪರಸ್ಪರ ಒಲವು ಹೆಚ್ಚಿತು. ಹಿಂದುಳಿದಿದ್ದವರ ಅಂಕಗಳೂ ಏರಿದವು.

ನಾನು ಬೇಸಾಯದ ಡಿಪ್ಲೊಮಾ ಓದಿದವನು, ಬೋಧನೆ ನನ್ನ ಕಸುಬಲ್ಲ. ಆದರೂ ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಶಾಲೆಯ ಉಪಾಧ್ಯಾಯರೊಡನೆ ಸೇರಿ ರಾಗಿಯ ಪಾಠವನ್ನು ಐದು ಚೀಟಿ ಮಾಡಿದೆವು: ಬೀಜ, ಗೊಬ್ಬರ, ಕಳೆ, ಬೆಂಕಿ ರೋಗ, ಒಕ್ಕಣೆ. ಬೆಂಕಿ ರೋಗದ ಚೀಟಿ ತಾಂಡಾದ ಹುಡುಗಿಯೊಬ್ಬಳಿಗೆ ಬಂತು. ಮನೆಯಲ್ಲಿ ಲಂಬಾಣಿ ಆಡುವ ಅವಳ ಕನ್ನಡ ಕೇಳಿ ಮೊದಲ ದಿನ ನಗೆಯೆದ್ದಿತು. ಮೂರನೆಯ ದಿನ ನಕ್ಕವನೇ ಪಕ್ಕಕ್ಕೆ ಸರಿದು, “ಕಪ್ಪಗಾಗೋದು ತೆನೆ ಕುತ್ತಿಗೆನೋ, ಎಲೆನೋ? ನಿಧಾನಕ್ಕೆ ಹೇಳು” ಎಂದನು. ಅವಳು ಮರುದಿನ ತಂದೆಯ ಹೊಲದಿಂದ ರೋಗ ತಗುಲಿದ ತೆನೆಯನ್ನೇ ತಂದು ತೋರಿಸಿದಳು.

ಎಲ್ಲವೂ ಸರಾಗವಾಗಲಿಲ್ಲ. ಒಂದು ಗುಂಪಿನಲ್ಲಿ ಚುರುಕಾದವನೇ ಐದೂ ಚೀಟಿ ಕಸಿದು ಓದಿಬಿಟ್ಟನು. ಒಬ್ಬ ಹುಡುಗ ಬಾರದ ದಿನ ಅವನ ಗುಂಪಿಗೆ ಗೊಬ್ಬರದ ವಿಷಯವೇ ತಪ್ಪಿತು. ಆದಕಾರಣ ಈಗ ಒಂದು ಚೀಟಿಯನ್ನು ಇಬ್ಬರಿಗೆ ಕೊಡುತ್ತೇವೆ. ಗುಂಪುಗಳನ್ನು ಉಪಾಧ್ಯಾಯರೇ ಮಾಡತಕ್ಕದ್ದು. ಮಕ್ಕಳಿಗೆ ಬಿಟ್ಟರೆ ಮತ್ತೆ ಕೇರಿ ಕೇರಿಯವರೇ ಒಂದಾಗುವರು.

ಚೀಟಿ ಬರೆಯಲು ನೆರವು ಬೇಕಾದ ಉಪಾಧ್ಯಾಯರು ಸಂತೆಯ ದಿನ ಮಧ್ಯಾಹ್ನ ಪಂಚಾಯತಿ ಕಚೇರಿಯಲ್ಲಿ ನನ್ನನ್ನು ಕಾಣಬಹುದು. ರಾಗಿಯ ಐದು ಚೀಟಿಗಳ ಪ್ರತಿ ಅಲ್ಲಿಯೇ ಇದೆ.