ಭರಣಿಯಲ್ಲಿ ಬಲಿತ ರುಚಿ

ಸೊರಬದ ಕಡೆಯ ಮನೆಗಳಲ್ಲಿ ವರ್ಷಗಟ್ಟಲೆ ಅಟ್ಟದ ಕತ್ತಲೆಯಲ್ಲಿದ್ದ, ಅಪ್ಪೆಮಿಡಿಯೆಂಬ ಎಳೆಮಾವಿನ ಉಪ್ಪಿನಕಾಯಿಯ ಭರಣಿಯನ್ನು ಕೆಳಗಿಳಿಸಿ, ಅದರ ಬಾಯಿಗೆ ಬಿಗಿದ ಬಟ್ಟೆಯನ್ನು ಬಿಚ್ಚಿದಾಗ, ಪಂಕ್ತಿಗೆ ಬಡಿಸುವುದಕ್ಕೆ ಮುನ್ನ ಮನೆಯ ಹಿರಿಯಮ್ಮನವರು ಒಂದು ಮಿಡಿಯನ್ನು ತೊಟ್ಟು ಹಿಡಿದೆತ್ತಿ, ಮೂಸಿ, ಮೆಲ್ಲನೆ ಕಡಿದು ನೋಡುವರು. ಮಿಡಿ ಕಟಂ ಎಂದು, ಹಿಂದೆಯೇ ಸೊನೆಯ ಘಮ ಮೂಗಿಗೇರಿದರೆ ಆ ವರ್ಷದ ಮಿಡಿ ಗೆದ್ದಿತು. ಮೆತ್ತಗಾಗಿದ್ದರೆ ಎಷ್ಟು ಕೆಂಪಗೆ ಮಸಾಲೆಯಿದ್ದರೂ ಸೋತಿತು.

ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ದ್ರಾಕ್ಷಾರಸದ ವಿಷಯದಲ್ಲಿ ಇಂತಹುದೇ ಪರೀಕ್ಷೆಯು ಶಾಸ್ತ್ರವಾಗಿ ಬೆಳೆದಿದೆ. ಅಲ್ಲಿನ ತೋಟಗಳಿಗೆ 1855ರಲ್ಲಿಯೇ ಶ್ರೇಣಿಗಳು ನಿಶ್ಚಯವಾದವು. 1982ರ ಬೆಳೆಯ ರಸವು ಇನ್ನೂ ಪೀಪಾಯಿಯಲ್ಲಿದ್ದಾಗಲೇ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಅದನ್ನು ಮುಕ್ತಕಂಠದಿಂದ ಪ್ರಶಂಸಿಸಲು, ಅದು ಬಹುಕಾಲ ಬಾಳಲಾರದೆಂದು ಶಂಕಿಸಿದವರೂ ಇದ್ದರು. ದಶಕಗಳು ಕಳೆದ ಬಳಿಕ ಕಾಲವು ಪಾರ್ಕರರ ಪಕ್ಷವನ್ನೇ ವಹಿಸಿತು. ನಮ್ಮ ಅಪ್ಪೆಮಿಡಿಗೆ ಅಂತಹ ಗ್ರಂಥಸ್ಥ ವಿಮರ್ಶೆಯಿಲ್ಲ. ಆದರೆ ತಲೆಮಾರುಗಳ ನಾಲಗೆಯು ನೀಡಿದ ತೀರ್ಪು ಮರಗಳ ಹೆಸರಿನಲ್ಲಿಯೇ ಉಳಿದುಬಂದಿದೆ.

ವರದೆಯ ದಂಡೆಯಲ್ಲಿ, ಶಿಕಾರಿಪುರವನ್ನು ಹಾದು ತುಂಗಭದ್ರೆಯನ್ನು ಸೇರುವ ಕುಮುದ್ವತಿಯ ದಂಡೆಯಲ್ಲಿ, ಹಾಗೆಯೇ ಶರಾವತಿ ಅಘನಾಶಿನಿಗಳ ತೀರದಲ್ಲಿ ಯಾರೂ ನೆಡದೆ ಬೆಳೆದ ಕಾಡುಮಾವಿನ ಮರಗಳಿವು. ಓಟೆಯಿಂದ ಹುಟ್ಟಿದ ಮರವು ತಾಯಿಮರದ ಗುಣವನ್ನೇ ತರುವುದೆಂಬ ಭರವಸೆಯಿಲ್ಲವಾದ್ದರಿಂದ, ಒಂದೊಂದು ಮರಕ್ಕೂ ಒಂದೊಂದು ಪರಿಮಳ, ಒಂದೊಂದು ಹುಳಿ. ಸಾವಿರ ಮರಗಳಲ್ಲಿ ನಾಲಗೆಗೆ ಹಿಡಿಸಿದ ಕೆಲವನ್ನು ಆಯ್ದು, ಜೀರಿಗೆಯ ಕಂಪಿದ್ದುದನ್ನು ಜೀರಿಗೆ ಮಿಡಿಯೆಂದೂ, ಮತ್ತೆ ಕೆಲವನ್ನು ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆಯೆಂದೂ ಕರೆದ ಆ ಅನಾಮಧೇಯ ರಸಜ್ಞರನ್ನು ನಾನು ಯಾವ ದೊಡ್ಡ ವಿಮರ್ಶಕನಿಗೂ ಕಡಿಮೆಯೆಂದು ಎಣಿಸಲಾರೆ.

ಈ ಮಿಡಿಯ ಬಾಳಿಕೆಯ ಮರ್ಮವು ಸೊನೆಯಲ್ಲಿದೆ. ಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ದು, ಹರಳುಪ್ಪಿನೊಡನೆ ಪದರ ಪದರವಾಗಿ ತುಂಬಿಟ್ಟರೆ, ಉಪ್ಪು ಮಿಡಿಯ ನೀರನ್ನು ಹೊರಗೆಳೆದು ಅದನ್ನು ಮುರುಟಿಸುತ್ತದೆ. ಸುಗಂಧ ತೈಲಾಂಶವುಳ್ಳ ಸೊನೆ ಮಾತ್ರ ಒಳಗೇ ನಿಲ್ಲುತ್ತದೆ. ಆಮೇಲೆ ಸಾಸಿವೆ, ಮೆಣಸಿನಕಾಯಿ, ಅರಿಸಿನಗಳ ಮಸಾಲೆ. ಒದ್ದೆ ಕೈ ತಾಗಿದರೆ ಎಲ್ಲವೂ ಕೆಟ್ಟಿತು. ಮಸಾಲೆ ಹಾಕಿದ ದಿನವೇ ಇದರ ಯೋಗ್ಯತೆಯನ್ನು ಹೇಳುವುದು ಅವಸರದ ಮಾತು. ಖಾರವಡಗಿ ಸೊನೆ ತಲೆಯೆತ್ತಿದ ಮೇಲೆಯೇ ನಿಜವಾದ ರುಚಿ.

ಅಪ್ಪೆಮಿಡಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಸಿಗಿಡಗಳೂ ನರ್ಸರಿಗಳಲ್ಲಿ ಸಿಗುತ್ತವೆ. ಆದರೆ ಬೆಲೆಯೇರಿದಂತೆಲ್ಲ ಹೊಳೆದಂಡೆಯ ಮುದಿಮರಗಳಿಗೆ ಕುತ್ತು ಬಂದಿದೆ: ಕೊಕ್ಕೆ ಹಾಕಿ ಒಂದೊಂದಾಗಿ ಕೊಯ್ಯುವ ತಾಳ್ಮೆಯಿಲ್ಲದವರು ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡಹುತ್ತಾರೆ. ಮಿಡಿ ಕೊಳ್ಳುವ ಗೃಹಸ್ಥರು ಬರುವ ಫಾಲ್ಗುಣದಲ್ಲಿ ಧಾರಣೆ ಕೇಳುವ ಮೊದಲು ಇದು ಯಾವ ಮರದ್ದು, ಹೇಗೆ ಕೊಯ್ದದ್ದು ಎಂದು ಕೇಳಬೇಕು. ಕೊಂಬೆ ಕಡಿದು ತಂದ ಮಿಡಿಯನ್ನು ಮನೆಯೊಳಗೆ ಸೇರಿಸಬಾರದು.