ಗಗನಚುಕ್ಕಿಯ ಎರಚಲಿಗೆ ಕ್ಯಾಮೆರಾ ಒಡ್ಡುವ ಮುನ್ನ

ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ. ಕೋಲಾರದ ಈ ಚಿನ್ನದ ಗಣಿಗಳ ಬೆನ್ನಿಗೆ ಒಂದು ಜಲಪಾತ ನಿಂತಿತ್ತು. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಹಾದು ಬಂದು ಇಲ್ಲಿನ ಯಂತ್ರಗಳನ್ನು ತಿರುಗಿಸಿತು. ಅದಕ್ಕಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಹೀಗಾಗಿ ಕೆಜಿಎಫ್, ಬಂಗಾರಪೇಟೆ ಕಡೆಯವರು ಮಳೆಗಾಲದಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಶಿವನಸಮುದ್ರಕ್ಕೆ ಹೊರಟರೆ, ಅದು ಹಳೇ ನೆಂಟರ ಮನೆಗೆ ಹೋದ ಹಾಗೆ.

ಆದರೆ ನಮ್ಮದು ಒಣಸೀಮೆ. ಇಲ್ಲಿ ಫೋಟೊ ತೆಗೆಯುವವರಿಗೆ ರೂಢಿಯಾಗಿರುವುದು ಧೂಳಿನ ಜೊತೆಗಿನ ಗುದ್ದಾಟ. ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಮೇಲೆ ಗಾಳಿ ಎದ್ದಾಗ ಹಿಟ್ಟಿನಂಥ ಮಣ್ಣು ಲೆನ್ಸಿನ ರಿಂಗುಗಳ ಸಂದಿಗೂ ಇಳಿಯುತ್ತದೆ. ಅದೇ ಕ್ಯಾಮೆರಾವನ್ನು ಹಾಗೇ ಜಲಪಾತದ ಮುಂದೆ ಹಿಡಿದರೆ ಧೂಳು, ನೀರು ಸೇರಿ ಕೆಸರಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಗಾಜು ಗೀರುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಬ್ಲೋವರ್‌ನಿಂದ ಊದಿ, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯುವುದು ಈ ಕಸುಬಿನ ಮೊದಲ ಪಾಠ.

ಜಲಪಾತದ ಎರಚಲು ಮಳೆಯಂತಲ್ಲ. ಮಳೆ ಬಹುಪಾಲು ಮೇಲಿನಿಂದ ಬೀಳುತ್ತದೆ, ಕೊಡೆ ಸಾಕು. ಬೀಳುವ ನೀರಾದರೋ ತನ್ನ ಜೊತೆ ಗಾಳಿಯನ್ನೂ ಕೆಳಗೆ ಎಳೆದು ತರುತ್ತದೆ. ತಳ ಮುಟ್ಟಿದ ಆ ಗಾಳಿ ನೀರಿನ ಹುಡಿಯನ್ನು ಹೊತ್ತು ಎಲ್ಲ ದಿಕ್ಕಿಗೂ ನುಗ್ಗುತ್ತದೆ, ಕೊಡೆಯ ಕೆಳಗಿನಿಂದಲೂ ಬರುತ್ತದೆ. ಶಿವನಸಮುದ್ರದ ಜಲಪಾತಗಳಲ್ಲಿ ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ದೂರದಲ್ಲೇ ನಿಂತು ನೋಡುವುದರಿಂದ ಅಲ್ಲಿ ಅಷ್ಟು ಕಾಟವಿಲ್ಲ. ಕೊಳ್ಳೇಗಾಲ ಕಡೆಯ ಭರಚುಕ್ಕಿಯಲ್ಲಿ ನೀರಿಗೆ ಹತ್ತಿರವಾದಷ್ಟೂ ಕನ್ನಡಕವೇ ಮಂಜಾಗುತ್ತದೆ. ಕ್ಯಾಮೆರಾದ ಗತಿ ಹೇಳಬೇಕೆ?

ದುಬಾರಿ ರೇನ್‌ಕವರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಕವರಿನ ಒಂದು ಮೂಲೆಗೆ ಲೆನ್ಸಿನಷ್ಟೇ ತೂತು ಮಾಡಿ, ಲೆನ್ಸ್ ಹುಡ್‌ಗೆ ರಬ್ಬರ್ ಬ್ಯಾಂಡ್ ಬಿಗಿದು, ಇನ್ನೊಂದು ತುದಿಯಿಂದ ಕೈ ತೂರಿಸಿಕೊಂಡರೆ ಆಯಿತು. ಗಾಜಿನ ಮುಂದೆ ಒಂದು ಫಿಲ್ಟರ್ ಇರಲಿ: ಹನಿ ಕೂತರೆ ಒರೆಸುವುದು ಅದನ್ನು, ಲೆನ್ಸನ್ನಲ್ಲ. ಒಂದೇ ಒರೆಸುವ ಬಟ್ಟೆ ಬೇಗ ತೊಯ್ದುಹೋಗುತ್ತದೆ. ನಾಲ್ಕೈದು ಬಟ್ಟೆಗಳನ್ನು ಜಿಪ್ ಕವರಿನಲ್ಲಿ ಇಟ್ಟುಕೊಳ್ಳಿ. ಚಿತ್ರಕ್ಕೆ ಚೌಕಟ್ಟು ಹೊಂದಿಸುವವರೆಗೆ ಮುಚ್ಚಳ ಹಾಕಿಯೇ ಇರಲಿ, ತೆಗೆದೊಡನೆ ಕ್ಲಿಕ್ಕಿಸಿ. ಎರಚಲಿರುವ ಕಡೆ ಲೆನ್ಸ್ ಬದಲಿಸಲೇಬೇಡಿ. ಉದ್ದಕ್ಕೆ ಚಾಚಿಕೊಳ್ಳುವ ಜೂಮ್ ಲೆನ್ಸ್ ಪ್ರತಿ ಸಲ ಹೊರಬರುವಾಗಲೂ ಹಸಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅಂಥ ಜಾಗಕ್ಕೆ ಚಾಚದ ಲೆನ್ಸೇ ವಾಸಿ. ‘ವೆದರ್ ಸೀಲ್ಡ್’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅದು ತುಂತುರು ತಡೆಯಬಹುದು, ಕ್ಯಾಮೆರಾವನ್ನು ನೀರಿನಲ್ಲಿ ಅದ್ದಬಹುದು ಎಂಬ ಭರವಸೆಯಲ್ಲ.

ಎ.ಸಿ. ಕಾರಿನಲ್ಲಿ ತಣ್ಣಗಾದ ಕ್ಯಾಮೆರಾ ಹಸಿ ಗಾಳಿಗೆ ಬಂದರೆ ಮೈಯೆಲ್ಲ ಬೆವರುತ್ತದೆ. ಬ್ಯಾಗಿನ ಜಿಪ್ ತೆರೆಯದೆ ಅರ್ಧ ಗಂಟೆ ಹೊರಗಿಟ್ಟರೆ ಈ ತೊಂದರೆ ತಪ್ಪುತ್ತದೆ. ನೀರು ಒಳಗೇ ಹೋಯಿತೋ, ಕೂಡಲೇ ಆಫ್ ಮಾಡಿ ಬ್ಯಾಟರಿ, ಕಾರ್ಡು ತೆಗೆಯಿರಿ. ‘ನಡೆಯುತ್ತಿದೆಯಾ ನೋಡೋಣ’ ಎಂದು ಸ್ವಿಚ್ ಒತ್ತುವುದರಿಂದಲೇ ಸರ್ಕ್ಯೂಟ್ ಸುಟ್ಟುಹೋಗುವುದು. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯವೂ ಬೇಡ, ಅಕ್ಕಿಯ ಹುಡಿ ಸಂದಿ ಸೇರುತ್ತದೆ.

ಹೆಚ್ಚಿನವರು ಸೋಲುವುದು ಜಲಪಾತದ ಮುಂದಲ್ಲ, ಮನೆಗೆ ಬಂದ ಮೇಲೆ. ದಣಿದು ಬಂದು ಒದ್ದೆ ಬ್ಯಾಗನ್ನು ಹಾಗೇ ಬೀರುವಿಗೆ ಸೇರಿಸುತ್ತಾರೆ. ಕೆಲವು ವಾರಗಳಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂಥ ಫಂಗಸ್ ಹಬ್ಬುತ್ತದೆ, ಗಾಜಿನ ಲೇಪನವನ್ನೇ ತಿನ್ನುತ್ತದೆ. ಆ ರಾತ್ರಿಯೇ ಎಲ್ಲವನ್ನೂ ಒರೆಸಿ, ಫ್ಯಾನ್ ಗಾಳಿಗೆ ಆರಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅದರ ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿ ದಣಿದಿದೆ ಎಂದರ್ಥ. ಹದವಾಗಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಕೆಆರ್‌ಎಸ್, ಕಬಿನಿ ಜಲಾಶಯಗಳಿಂದ ನೀರು ಬಿಟ್ಟ ಸುದ್ದಿ ನೋಡಿಕೊಂಡೇ ಹೊರಡಿ. ಜಲಪಾತದ ಬಳಿ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ನೀರು ಏಕಾಏಕಿ ಏರುತ್ತದೆ. ಎಂಥ ಚಿತ್ರ ಸಿಗುವಂತಿದ್ದರೂ ತಡೆಬೇಲಿ ದಾಟಬೇಡಿ.