ಹಳೆಯ ಲಾರಿಗೆ ಓವರ್‌ಡ್ರೈವ್ ಗೇರ್‌ಬಾಕ್ಸ್: ಬಿಚ್ಚುವ ಮುನ್ನ ಮಾಡಬೇಕಾದ ಲೆಕ್ಕ



ಕಳೆದ ತಿಂಗಳು ಶಂಕರಘಟ್ಟದ ಕಡೆಯ ಲಾರಿ ಮಾಲೀಕರೊಬ್ಬರು ನಮ್ಮ ಕಚೇರಿಗೆ ಬಂದು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರಲ್ಲಿ ಎರಡು ವಾಹನಗಳಿವೆ. ಒಂದು, ಇಪ್ಪತ್ತು ವರ್ಷಕ್ಕೆ ಸಮೀಪಿಸಿರುವ ಡೀಸೆಲ್ ಲಾರಿ. ಮನೆ ನಡೆಯುವುದು ಅದರಿಂದಲೇ. ಇನ್ನೊಂದು, ತಂದೆಯವರ ಕಾಲದಿಂದ ಷೆಡ್ಡಿನಲ್ಲಿ ನಿಂತಿರುವ ಪೆಟ್ರೋಲ್ ಎಂಜಿನ್ನಿನ ಫಾರ್ಗೋ ಪಿಕಪ್. ಲಾರಿಗೆ ಓವರ್‌ಡ್ರೈವ್ ಇರುವ ಬೇರೆ ಗೇರ್‌ಬಾಕ್ಸನ್ನೂ, ಫಾರ್ಗೋಗೆ ಹೊರದೇಶದ ಓವರ್‌ಡ್ರೈವ್ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೂ ಹಾಕಿಸುವ ಉದ್ದೇಶ ಅವರದು. ಅಡಿಕೆ ಮಾರಿದ ಹಣದಲ್ಲಿ 40,000 ರೂ. ನಗದನ್ನು ಮುಂಗಡವಾಗಿ ಕೊಟ್ಟೂ ಆಗಿತ್ತು, ರಸೀದಿ ಇಲ್ಲದೆ. "ಇದನ್ನು ರಿಪೇರಿ ಖಾತೆಗೆ ಹಾಕಿಬಿಡಿ" ಎಂಬುದು ಅವರ ಕೋರಿಕೆ.

ಕೋರಿಕೆ ಒಂದೇ ಆದರೂ ಅದರೊಳಗೆ ಯಂತ್ರದ ಪ್ರಶ್ನೆ, ಸಾರಿಗೆ ಕಾನೂನಿನ ಪ್ರಶ್ನೆ, ತೆರಿಗೆಯ ಪ್ರಶ್ನೆ ಮೂರೂ ಇವೆ. ಮೊದಲನೆಯದು ನನ್ನ ವೃತ್ತಿಯದಲ್ಲವಾದರೂ ಅದನ್ನು ಅರಿಯದೆ ಉಳಿದೆರಡಕ್ಕೆ ಉತ್ತರ ಹೇಳಲಾಗದು.

ಓವರ್‌ಡ್ರೈವ್ ಎಂದರೇನು?

ಹಳೆಯ ಲಾರಿಗಳ ಗೇರ್‌ಬಾಕ್ಸಿನಲ್ಲಿ ಸಾಮಾನ್ಯವಾಗಿ ಕೊನೆಯ ಗೇರ್ ನೇರ ಗೇರ್ ಆಗಿರುತ್ತದೆ. ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದೇ ಸುತ್ತು. ಓವರ್‌ಡ್ರೈವಿನಲ್ಲಿ ಶಾಫ್ಟ್ ಎಂಜಿನ್ನಿಗಿಂತ ಹೆಚ್ಚು ತಿರುಗುತ್ತದೆ. ಅರ್ಥಾತ್ ಅದೇ ವೇಗಕ್ಕೆ ಎಂಜಿನ್ ಕಡಿಮೆ ತಿರುಗಿದರೆ ಸಾಕು. ಇದು ಲಾರಿಯನ್ನು ವೇಗವಾಗಿ ಓಡಿಸುವ ಸಾಧನವೆಂಬ ಭಾವನೆ ನಮ್ಮ ಡ್ರೈವರುಗಳಲ್ಲಿದೆ. ಅದು ತಪ್ಪು ತಿಳಿವಳಿಕೆ.

ಲೆಕ್ಕದಲ್ಲಿ ನೋಡೋಣ. ಟೈರು ಒಂದು ಸುತ್ತಿಗೆ 3.2 ಮೀಟರ್ ಸಾಗುತ್ತದೆಂದೂ ಹಿಂದಿನ ಆಕ್ಸಲ್ಲಿನ ಅನುಪಾತ 6 ಎಂದೂ ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1,000 ಮೀಟರ್; ಚಕ್ರ ಸುಮಾರು 312 ಸುತ್ತು, ನೇರ ಗೇರಿನಲ್ಲಿ ಎಂಜಿನ್ ಸುಮಾರು 1,875 ಸುತ್ತು. 0.75 ಅನುಪಾತದ ಓವರ್‌ಡ್ರೈವಿನಲ್ಲಿ ಅದು ಸುಮಾರು 1,406ಕ್ಕೆ ಇಳಿಯುತ್ತದೆ. ಸದ್ದು, ಸವೆತ ಕಡಿಮೆ; ಡೀಸೆಲ್ ಕೂಡ ಒಂದಿಷ್ಟು ಉಳಿಯುತ್ತದೆ.

ಆದರೆ ಆ 1,406 ಸುತ್ತಿನಲ್ಲಿ ಲಾರಿಯನ್ನು ಭಾರಸಹಿತ ಎಳೆಯುವ ಶಕ್ತಿ ಎಂಜಿನ್ನಿಗೆ ಇರಬೇಕು. ಇಲ್ಲದಿದ್ದರೆ ಚಿಕ್ಕ ಏರು ಬಂದೊಡನೆ ಎಂಜಿನ್ ಕೊಸರಾಡುತ್ತದೆ, ಡ್ರೈವರ್ ಮತ್ತೆ ಕೆಳಗಿನ ಗೇರಿಗೆ ಬರುತ್ತಾನೆ, ಹಾಕಿಸಿದ ಗೇರ್ ಅಲಂಕಾರಕ್ಕೆ ಉಳಿಯುತ್ತದೆ. ತುಮಕೂರು ದಾರಿಯ ಬಯಲಿನಲ್ಲಿ ಪ್ರಯೋಜನಕ್ಕೆ ಬರುವ ಗೇರ್ ಹೊಸನಗರ ದಾಟಿ ಹುಲಿಕಲ್ ಘಾಟಿಯ ಕಡೆ ಹೋಗುವವರಿಗೆ ಬಾರದು. ಘಾಟಿ ಇಳಿಯುವಾಗಲಂತೂ ಓವರ್‌ಡ್ರೈವಿನಲ್ಲಿ ಇಳಿಯಲೇಬಾರದು. ಎಂಜಿನ್ನಿನ ತಡೆ ಸಿಗದೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ತಪ್ಪುತ್ತದೆ.

ಎಷ್ಟು ಕಿಲೋಮೀಟರಿಗೆ ಎಷ್ಟು ಉಳಿತಾಯ?

ಈ ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಊಹಿಸಿದವು. ಸದಸ್ಯರು ತಮ್ಮ ಟ್ರಿಪ್ ಪುಸ್ತಕದ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಬರೆದುಕೊಳ್ಳಬೇಕು.

ವಾರಕ್ಕೆರಡು ಬಾರಿ ಬೆಂಗಳೂರಿಗೆ ಹೋಗುವ ಲಾರಿ ವರ್ಷಕ್ಕೆ 40,000 ಕಿ.ಮೀ. ಓಡಿ, ಲೀಟರಿಗೆ 4 ಕಿ.ಮೀ. ಕೊಡುತ್ತದೆ ಎನ್ನೋಣ. ಡೀಸೆಲ್ 10,000 ಲೀಟರ್. ಆದರೆ ಇದೆಲ್ಲವೂ ಓವರ್‌ಡ್ರೈವಿನಲ್ಲಿ ಸುಡುವ ಡೀಸೆಲ್ ಅಲ್ಲ. ಊರೊಳಗಿನ ಓಟ, ಏರು, ಟೋಲ್ ಗೇಟಿನ ಸಾಲು, ಲೋಡಿಂಗ್ ಜಾಗದ ತಿರುಗಾಟ ಎಲ್ಲ ಕಳೆದರೆ ಅರ್ಧದಷ್ಟು, ಅಂದರೆ 5,000 ಲೀಟರ್ ಉಳಿಯಬಹುದು. ಅದರ ಮೇಲೆ ಶೇ. 5 ಉಳಿತಾಯವೆಂದರೆ 250 ಲೀಟರ್. ಲೀಟರಿಗೆ 90 ರೂ.ನಂತೆ 22,500 ರೂ. ಬದಲಾವಣೆಯ ಒಟ್ಟು ಖರ್ಚು 1,50,000 ರೂ. ಎಂದಾದರೆ ಹಣ ಮರಳಲು ಆರೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಇಪ್ಪತ್ತು ವರ್ಷದ ಲಾರಿ ಇನ್ನೂ ಆರೂವರೆ ವರ್ಷ ಫಿಟ್‌ನೆಸ್ ಪಡೆಯುತ್ತದೆಯೇ ಎಂಬುದನ್ನು ಮಾಲೀಕರೇ ಹೇಳಬೇಕು.

ಇನ್ನು ಭದ್ರಾವತಿ, ಶಂಕರಘಟ್ಟ, ಶಿವಮೊಗ್ಗಗಳ ನಡುವೆಯೇ ಓಡುವ ಲಾರಿ. ವರ್ಷಕ್ಕೆ 12,000 ಕಿ.ಮೀ., 3,000 ಲೀಟರ್; ತಡೆಯಿಲ್ಲದ ಓಟ ಹತ್ತರಲ್ಲಿ ಒಂದು ಪಾಲು, 300 ಲೀಟರ್. ಉಳಿತಾಯ 15 ಲೀಟರ್, ಅಂದರೆ 1,350 ರೂ. ಈ ಲಾರಿಗೆ ಓವರ್‌ಡ್ರೈವ್ ಹಾಕಿಸುವುದು ವ್ಯಾಪಾರವಲ್ಲ.

ಖರ್ಚಿನ ಅಂಕಿಯಲ್ಲಿ ಗೇರ್‌ಬಾಕ್ಸಿನ ಬೆಲೆ ಮಾತ್ರವಿದ್ದರೆ ಸಾಲದು. ಬಾಕ್ಸಿನ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಕ್ಲಚ್ ಪ್ಲೇಟ್, ಮೌಂಟಿಂಗ್, ಸ್ಪೀಡೋಮೀಟರಿನ ಗೇರ್ ಬದಲಾಗಬಹುದು. ಲಾರಿ ನಿಂತ ದಿನಗಳ ಬಾಡಿಗೆಯೂ ನಷ್ಟವೇ. ನಾನು ನೋಡಿದ ಮಟ್ಟಿಗೆ ಈ ಕೊನೆಯ ಬಾಬನ್ನು ಯಾರೂ ಬರೆಯುವುದಿಲ್ಲ.

ಎಂ.ಪಿ.ಎಂ. ಮತ್ತು ಕಬ್ಬಿಣದ ಕಾರ್ಖಾನೆಗಳು ಭರದಿಂದ ನಡೆಯುತ್ತಿದ್ದಾಗ ಭದ್ರಾವತಿಯ ಲಾರಿಗಳಿಗೆ ಹತ್ತಿರದಲ್ಲೇ ಲೋಡು ಸಿಗುತ್ತಿತ್ತು. ಆಗ ಓವರ್‌ಡ್ರೈವಿನ ಮಾತನ್ನು ಯಾರೂ ಎತ್ತಲಿಲ್ಲ. ದೂರದ ಲೋಡನ್ನು ಅರಸಬೇಕಾಗಿ ಬಂದ ಮೇಲೆ ಈ ಪ್ರಶ್ನೆ ಹುಟ್ಟಿದೆ.

ಫಾರ್ಗೋ ಮತ್ತು ಆಟೋಮ್ಯಾಟಿಕ್

ಫಾರ್ಗೋ ಹೆಸರು ಕೇಳಿದಾಗ ನಮ್ಮ ಜಿಲ್ಲೆಯ ನಂಟೊಂದು ನೆನಪಾಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಹಳಿಗೆ ತಂದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲಿಯೂ ಒಂದು ಆಗಬೇಕೆಂದು ಯೋಜನೆ ಹಾಕಿದ್ದರು. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಡಾಡ್ಜ್, ಫಾರ್ಗೋ ಟ್ರಕ್ಕುಗಳು ಕ್ರೈಸ್ಲರ್ ಸಂಸ್ಥೆಯ ಪರವಾನಗಿಯಡಿ ಅಲ್ಲಿಂದ ಬಂದವು.

ಅಮೆರಿಕದಲ್ಲಿ ಹಳೆಯ ಪಿಕಪ್‌ಗಳಿಗೆ ಓವರ್‌ಡ್ರೈವ್ ಆಟೋಮ್ಯಾಟಿಕ್ ಹಾಕುವುದು ಬಲು ರೂಢಿಯಲ್ಲಿದೆ. ಜನರಲ್ ಮೋಟಾರ್ಸ್ 1982ರ ಮಾದರಿಗಳಿಗೆ ತಂದ 700ಆರ್4 ಎಂಬ ಬಾಕ್ಸ್ ಇದರಲ್ಲಿ ಪ್ರಸಿದ್ಧ. ಅದರ ಮೊದಲ ಗೇರ್ 3.06, ನಾಲ್ಕನೆಯದು 0.70. ನಿಂತಲ್ಲಿಂದ ಹೊರಡಲು ಬಲವೂ ಇದೆ, ಹೆದ್ದಾರಿಯಲ್ಲಿ ನಿರಾಳವೂ ಇದೆ. ಆದರೆ ಕ್ರೈಸ್ಲರ್ ಮೂಲದ ಫಾರ್ಗೋ ಎಂಜಿನ್ನಿಗೆ ಇದು ನೇರವಾಗಿ ಕೂರುವುದಿಲ್ಲ. ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ಮಾಚೇನಹಳ್ಳಿಯಲ್ಲಿ ಮೆಷಿನಿಂಗ್ ಘಟಕ ನಡೆಸುವ ಸದಸ್ಯರು ಇಂತಹ ಪ್ಲೇಟನ್ನು ಮಾಡಬಲ್ಲರು. ಎಚ್ಚರವಿರಬೇಕಾದದ್ದು ಕೇಂದ್ರದ ಹೊಂದಾಣಿಕೆಯಲ್ಲಿ. ಎಂಜಿನ್ನಿನ ಅಕ್ಷಕ್ಕೂ ಬಾಕ್ಸಿನ ಅಕ್ಷಕ್ಕೂ ವ್ಯತ್ಯಾಸ ಇಂಚಿನ ಸಾವಿರದಲ್ಲಿ ಐದು ಭಾಗ ಮೀರಬಾರದೆಂಬುದು ಬಲ್ಲ ಮೆಕ್ಯಾನಿಕ್ಕುಗಳ ರೂಢಿ. ಮೀರಿದರೆ ಒಳಗಿನ ಪಂಪು, ಸೀಲು ಬೇಗ ಹಾಳಾಗುತ್ತವೆ.

ಆಟೋಮ್ಯಾಟಿಕ್ಕಿನಲ್ಲಿ ಕ್ಲಚ್ಚಿಗೆ ಬದಲಾಗಿ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆಯ ಜೋಡಣೆ ಇರುತ್ತದೆ. ಅದು ಸ್ವಲ್ಪ ಜಾರುತ್ತಲೇ ಇರುತ್ತದೆ, ಜಾರಿದ್ದೆಲ್ಲ ಶಾಖವಾಗುತ್ತದೆ. ಆದ್ದರಿಂದ ಎಣ್ಣೆ ತಣಿಸುವ ಕೂಲರ್ ಬೇಕು. ಸಮಓಟದಲ್ಲಿ ಜಾರದಂತೆ ಹಿಡಿಯುವ ಲಾಕ್‌ಅಪ್ ಕ್ಲಚ್ಚಿನ ವೈರಿಂಗ್ ಸರಿಯಿರಬೇಕು. 700ಆರ್4ನಲ್ಲಿ ಕಾರ್ಬುರೇಟರಿನಿಂದ ಬಾಕ್ಸಿಗೆ ಹೋಗುವ ಒಂದು ಕೇಬಲ್ ಇದೆ. ಇದರ ಬಿಗಿ ತಪ್ಪಿದರೆ ಒಳಗಿನ ಎಣ್ಣೆಯ ಒತ್ತಡ ತಗ್ಗಿ ಕ್ಲಚ್ಚುಗಳು ಅಲ್ಪಕಾಲದಲ್ಲೇ ಸುಟ್ಟುಹೋಗುತ್ತವೆ.

ಇದೇ ಬಾಕ್ಸನ್ನು ದುಡಿಯುವ ಡೀಸೆಲ್ ಲಾರಿಗೂ ಹಾಕಬಹುದಲ್ಲವೇ ಎಂದು ಅವರು ಕೇಳಿದರು. ಬೇಡವೆಂದೆ. ಅದು ಕಾರು ಮತ್ತು ಹಗುರ ಪಿಕಪ್‌ಗಳಿಗೆ ರೂಪಿಸಿದ ಬಾಕ್ಸು. ಹದಿನಾರು ಟನ್ನಿನ ಭಾರ ಅದರದಲ್ಲ. ಲಾರಿಗೆ ಹಾಕುವುದಾದರೆ ಅದೇ ತಯಾರಕರ, ಅದೇ ಎಂಜಿನ್ ಶ್ರೇಣಿಯ ಓವರ್‌ಡ್ರೈವ್ ಬಾಕ್ಸೇ ಸೂಕ್ತ.

ಸಾರಿಗೆ ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ಕಲಮಿಗೆ ಕಟ್ಟುನಿಟ್ಟಾದ ಅರ್ಥವನ್ನೇ ನೀಡಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ.

ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಖಾಲಿ ತೂಕ ಮೊದಲಾದವು ಇರುತ್ತವೆ. ಗೇರ್‌ಬಾಕ್ಸಿನ ಸಂಖ್ಯೆ ಇರುವುದಿಲ್ಲ. ಹೀಗಾಗಿ ಕೆಟ್ಟ ಬಾಕ್ಸಿನ ಜಾಗದಲ್ಲಿ ಅದೇ ತಯಾರಕರ ಅದೇ ಬಾಕ್ಸನ್ನು ಹಾಕಿಸುವುದು ದುರಸ್ತಿಯೆಂದೇ ನನ್ನ ಅಭಿಪ್ರಾಯ. ಚಾಸಿಸ್ಸಿನ ಅಡ್ಡಪಟ್ಟಿ ಕತ್ತರಿಸಿ ಬೇರೆ ಜಾತಿಯ ಬಾಕ್ಸ್ ಕೂರಿಸುವುದಕ್ಕೆ ಈ ಮಾತು ಅನ್ವಯಿಸದು. ಅಂತಹ ಕೆಲಸಕ್ಕೆ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಕೌಂಟರಿನಲ್ಲಿ ಯಾರೋ "ಆಗುತ್ತೆ ಬಿಡಿ" ಎಂದದ್ದು ಅಪಘಾತದ ಕ್ಲೇಮಿನ ದಿನ ಸಾಕ್ಷಿಗೆ ಬರುವುದಿಲ್ಲ.

ಫಾರ್ಗೋ ವಿಷಯದಲ್ಲಿ ಇನ್ನೊಂದು ತೊಡಕಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಬಗ್ಗೆ ಪ್ರತ್ಯೇಕ ನಿಯಮಗಳು ಸೇರಿದವು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನ ಮೂಲರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಗೇರ್‌ಬಾಕ್ಸಿನ ಹೆಸರು ಅಲ್ಲಿಲ್ಲವಾದರೂ ಬಾಕ್ಸಿಗಾಗಿ ಚಾಸಿಸ್ ಕತ್ತರಿಸಿದರೆ ವಿಂಟೇಜ್ ಪಟ್ಟ ಕೈತಪ್ಪುವ ಭಯವಿದೆ. ಇವರ ಪಿಕಪ್ ಸರಕು ವಾಹನವಾಗಿ ನೋಂದಣಿಯಾಗಿದ್ದರೆ ಮೊದಲು ಅದನ್ನೇ ಬಗೆಹರಿಸಿಕೊಳ್ಳಬೇಕು.

ಲೆಕ್ಕಪುಸ್ತಕದಲ್ಲಿ ಎಲ್ಲಿ ಬರೆಯುವುದು?

ಇರುವ ಆಸ್ತಿಯನ್ನು ಇದ್ದಂತೆ ಉಳಿಸಿಕೊಳ್ಳಲು ಮಾಡಿದ ಖರ್ಚು ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ಖರ್ಚು ಬಂಡವಾಳ. 1997ರ ಬಲ್ಲಿಮಲ್ ನವಲ್ ಕಿಶೋರ್ ಮತ್ತು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿದ ತತ್ತ್ವವಿದು. 1961ರ ಆದಾಯ ತೆರಿಗೆ ಕಾಯ್ದೆಯಡಿ ಬೆಳೆದ ಈ ತತ್ತ್ವವು, 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದ ಮಾತ್ರಕ್ಕೆ ಬದಲಾಗದು. ಕೆಟ್ಟ ಬಾಕ್ಸಿಗೆ ಬದಲಾಗಿ ಅಂಥದ್ದೇ ಬಾಕ್ಸು ದುರಸ್ತಿ. ಚೆನ್ನಾಗಿದ್ದ ಬಾಕ್ಸನ್ನು ತೆಗೆದು ಓವರ್‌ಡ್ರೈವ್ ಹಾಕಿಸಿದರೆ ಅದನ್ನು ಬಂಡವಾಳವೆಂದು ಅಧಿಕಾರಿಗಳು ಹೇಳುವ ಸಂಭವವೇ ಹೆಚ್ಚು. ಆಗ ಸವಕಳಿ ಮಾತ್ರ ದೊರೆಯುತ್ತದೆ: ಬಾಡಿಗೆಗೆ ಓಡುವ ಲಾರಿಗೆ ಶೇ. 30, ಸ್ವಂತ ಸರಕಿನ ಲಾರಿಗೆ ಶೇ. 15. ಫಾರ್ಗೋ ಖರ್ಚು ವ್ಯಾಪಾರದ್ದೇ ಅಲ್ಲ. ಅದನ್ನು ಸ್ವಂತ ಡ್ರಾಯಿಂಗ್ಸ್‌ಗೇ ಹಾಕಬೇಕು.

ಇಷ್ಟೆಲ್ಲ ವಿವರಿಸಿದ ಮೇಲೆ ಅವರ ಹಳೆಯ ರಿಟರ್ನ್ ತೆಗೆದು ನೋಡಿದರೆ, ಅವರು 44ಎಇ ಕಲಮಿನಂತೆ ಅಂದಾಜು ಆದಾಯ ತೋರಿಸುವವರು! ಹತ್ತಕ್ಕೆ ಮೀರದ ಸರಕು ವಾಹನಗಳುಳ್ಳವರಿಗೆ ಇರುವ ಸೌಲಭ್ಯವಿದು. 12 ಟನ್ ಮೀರಿದ ಭಾರೀ ವಾಹನಕ್ಕೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂ. ಆದಾಯ, 16 ಟನ್ನಿನ ಲಾರಿಗೆ ವರ್ಷಕ್ಕೆ 1,92,000 ರೂ. ದುರಸ್ತಿ, ಸವಕಳಿ ಎಲ್ಲವೂ ಅದರೊಳಗೆ ಕಳೆದುಹೋಗಿವೆಯೆಂದು ಕಾನೂನು ಭಾವಿಸುತ್ತದೆ. ಆದ್ದರಿಂದ ಗೇರ್‌ಬಾಕ್ಸಿಗೆ ಅವರು ಎಷ್ಟೇ ಖರ್ಚು ಮಾಡಿದರೂ ತೆರಿಗೆಯಲ್ಲಿ ಒಂದು ರೂಪಾಯಿಯೂ ಇಳಿಯದು. ಸಣ್ಣ ಲಾರಿ ಮಾಲೀಕರಲ್ಲಿ ಬಹುಮಂದಿ ಇದೇ ಸ್ಥಿತಿಯಲ್ಲಿರುವವರು.

ಪೂರ್ಣ ಲೆಕ್ಕವಿಡುವವರಿಗೆ ನಗದಿನ ಎಚ್ಚರ ಅಗತ್ಯ. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಕಳೆಯಲು ಬರುವುದಿಲ್ಲ. ಬಂಡವಾಳವಾದರೆ ಆಸ್ತಿಯ ಬೆಲೆಗೂ ಸೇರದು. ಗುಜರಿಯಿಂದ ಕೊಳ್ಳುವವರು ಬಿಲ್ಲಿನ ಜೊತೆಗೆ, ಬಾಕ್ಸು ಯಾವ ವಾಹನದ್ದೆಂಬ ನಮೂದನ್ನೂ ಪಡೆಯಬೇಕು.

ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18. ತಮ್ಮ ತೆರಿಗೆಸಹಿತ ಸರಕನ್ನು ತಮ್ಮದೇ ಲಾರಿಯಲ್ಲಿ ಸಾಗಿಸುವ ತಯಾರಕರು ಇದರ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು. ಆದರೆ ಅದೇ ತೆರಿಗೆಯ ಮೊತ್ತದ ಮೇಲೆ ಸವಕಳಿ ಹಾಕಿದರೆ ಜಮೆ ಇಲ್ಲ. ಶೇ. 5ರ ದರದಲ್ಲಿರುವ ಸಾಗಣೆ ಏಜೆನ್ಸಿಗಳಿಗೆ ಜಮೆಯೇ ಇಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಏಜೆನ್ಸಿಯೊಂದಕ್ಕೆ ಜಮೆ ಪಡೆಯಿರಿ ಎಂದು ನಾನೇ ಅವಸರದಲ್ಲಿ ಹೇಳಿ, ಆಮೇಲೆ ಬಡ್ಡಿಸಹಿತ ಹಿಂದಿರುಗಿಸುವಂತಾಯಿತು. ಬಡ್ಡಿಯನ್ನು ನನ್ನ ಫೀಜಿನಲ್ಲಿ ಹಿಡಿದುಕೊಂಡರು, ಹಿಡಿದದ್ದು ನ್ಯಾಯವೇ.

ಶಂಕರಘಟ್ಟದವರ ಟ್ರಿಪ್ ಪುಸ್ತಕ ತರಿಸಿ ನೋಡಿದೆವು. ಲಾರಿ ಬೆಂಗಳೂರಿಗೆ ಹೋದದ್ದು ತಿಂಗಳಿಗೆ ಎರಡೇ ಬಾರಿ. ಇರುವ ಬಾಕ್ಸಿನ ಬೇರಿಂಗ್ ಮತ್ತು ಕ್ಲಚ್ ಪ್ಲೇಟನ್ನು ಬದಲಿಸಿ ಮುಂದುವರಿಯುವುದೆಂದು ಅವರು ತೀರ್ಮಾನಿಸಿದರು. ಫಾರ್ಗೋ ಬಗ್ಗೆ ಸಾರಿಗೆ ಕಚೇರಿಗೆ ಅರ್ಜಿ ಹೋಗಿದೆ. ಆ 40,000 ರೂ.ಗೆ ರಸೀದಿ ಈವರೆಗೆ ಬಂದಿಲ್ಲ.